ಬೆಂಚು ಯಾವ ಕಡೆ ನೋಡಬೇಕು

ಕಿಲ್ಲೀನ್
ಮಾರ್ಚ್ 14, 1983

ಶ್ರೀಮತಿ ಡಿಂಪ್ನಾ ಗೆರಾಟಿ ಅವರಿಗೆ,

ಸ್ವಂತ ಅಣ್ಣನ ಹೆಂಡತಿಗೆ ಹೀಗೆ ‘ಶ್ರೀಮತಿ’ ಹಚ್ಚಿ ಬರೆಯುವ ಕಾಲ ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಆದರೆ ಅಣ್ಣ ಕೋಲ್ಮನ್ ತೀರಿಕೊಂಡು ತಿಂಗಳಾದದ್ದಕ್ಕೆ ನಡೆದ ಪೂಜೆಯ ದಿನ ಚರ್ಚಿನ ಬಾಗಿಲಲ್ಲಿ, ಇಡೀ ಊರಿನ ಎದುರು, “ನಿನ್ನ ಡಬ್ಬಿ ತಗೊಂಡು ನಿನ್ನ ಗುಡ್ಡದ ಆ ಕಡೆಗೇ ಇದ್ದುಬಿಡು” ಎಂದವರು ನೀವು. ಅದಾದ ಮೇಲೆ ಬೇರೆ ಏನು ಹಚ್ಚಿ ಬರೆಯಲಿ? ಟೆಲಿಫೋನ್ ಮಾಡಬಹುದಿತ್ತು. ಆದರೆ ನಮ್ಮ ಮಾತನ್ನು ಎಕ್ಸ್‌ಚೇಂಜಿನವಳು ಕೇಳಿ, ಸಂಜೆಯೊಳಗೆ ನನ್ನ ಅಂಗಡಿಗೇ ಬಂದು ನನಗೇ ಹೇಳುತ್ತಾಳೆ. ಆದ್ದರಿಂದ ಕಾಗದ.

ವಿಷಯ ಬೆಂಚಿನದು. ಅಣ್ಣನ ನೆನಪಿಗೆ ಸ್ಲೀವ್‌ಗೌರ್ ಗುಡ್ಡದ ತುದಿಯಲ್ಲಿ ಒಂದು ಬೆಂಚು ಹಾಕಿಸಬೇಕೆಂದು ನಿಮ್ಮ ಬಾಲಿಡೂನ್ ಊರಿನವರೂ ನಮ್ಮ ಕಿಲ್ಲೀನಿನವರೂ ಸೇರಿ ತೀರ್ಮಾನಿಸಿರುವುದು ನಿಮಗೆ ಗೊತ್ತೇ ಇದೆ. ಪ್ರತಿ ಭಾನುವಾರ ಊಟವಾದ ಮೇಲೆ ಅವನು ಆ ಗುಡ್ಡ ಹತ್ತುತ್ತಿದ್ದನಲ್ಲ, ಅದಕ್ಕೆ. ಜುಲೈ ಕೊನೆಯಲ್ಲಿ ಎರಡೂ ಊರಿನವರು ಕಪ್ಪುಹಣ್ಣು ಕೀಳಲು ಮೇಲೆ ಹೋಗುವ ಹಣ್ಣಿನ ಭಾನುವಾರದಂದೇ ಅದನ್ನು ಕೂರಿಸುತ್ತಾರಂತೆ. ಬಹಳ ಸಂತೋಷ. ಬೆಂಚು ಪಶ್ಚಿಮಕ್ಕೆ, ಸಮುದ್ರದ ಕಡೆಗೆ ಮುಖ ಮಾಡಿರಬೇಕು. ಅವನು ಹುಟ್ಟಿದ ಮನೆ ಈ ಕಡೆ ಇದೆ. ಅವನು ಮೇಲೆ ಹೋಗಿ ಕೂತು ನೋಡುತ್ತಿದ್ದದ್ದು ಅದನ್ನೇ. ಇದರಲ್ಲಿ ಚರ್ಚೆ ಮಾಡುವುದೇನೂ ಇಲ್ಲವಾದ್ದರಿಂದ ಸಮಿತಿಗೆ ಆಗಲೇ ಹೇಳಿಬಿಟ್ಟಿದ್ದೇನೆ.

ಇತಿ,
ಅಟ್ರಾಕ್ಟಾ ಗೆರಾಟಿ

ಮತ್ತೆ: ಹಡಗಿನ ಚಿತ್ರದ ನನ್ನ ಕೇಕಿನ ಡಬ್ಬಿ ಇನ್ನೂ ಬಂದಿಲ್ಲ.

~

ಬಾಲಿಡೂನ್
ಮಾರ್ಚ್ 19, 1983

ಕುಮಾರಿ ಅಟ್ರಾಕ್ಟಾ ಗೆರಾಟಿ ಅವರಿಗೆ,

ನಿಮ್ಮ ಕಾಗದವನ್ನು ಪೋಸ್ಟ್‌ಮ್ಯಾನ್ ಫಾನ್ಸಿ ಎರಡು ಬೆರಳಲ್ಲಿ ಹಿಡಿದುಕೊಂಡು ತಂದುಕೊಟ್ಟ. “ಬಿಸಿಯಾಗಿದೆ, ಹುಷಾರು” ಅಂದ. ನಾನು ಓದಿ ಮುಗಿಸುವವರೆಗೂ ಚಹಾ ಕುಡಿಯುತ್ತ ನನ್ನ ಮುಖವನ್ನೇ ನೋಡುತ್ತ ಕೂತಿದ್ದ.

ಬೆಂಚಿನ ಬಗ್ಗೆ ನಿಮಗೆ ಇಷ್ಟೊಂದು ಖಚಿತವಾಗಿ ಗೊತ್ತಿರುವುದು ಆಶ್ಚರ್ಯ. ಅವನ ಜೊತೆ ಇಪ್ಪತ್ತಾರು ವರ್ಷ ಸಂಸಾರ ಮಾಡಿದವಳು ನಾನು. ಅವನು ನೋಡುತ್ತಿದ್ದದ್ದು ಪೂರ್ವದ ಕಡೆ, ಕೆರೆಯನ್ನು. ಆ ಕೆರೆಯ ದಂಡೆಯಲ್ಲೇ, ಮಳೆ ಸುರಿಯುತ್ತಿರುವಾಗ, ತಲೆಯ ಮೇಲೆ ಗೊಬ್ಬರದ ಚೀಲ ಹೊದ್ದುಕೊಂಡು ಅವನು ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದ್ದು. ಅಂಥದ್ದನ್ನು ಗಂಡಸು ಮರೆಯುವುದಿಲ್ಲ. ಹುಟ್ಟಿದ ಮನೆಯನ್ನು ಅವನು ನೋಡಬೇಕಾಗಿಯೇ ಇರಲಿಲ್ಲ, ಅದು ಪ್ರತಿ ಭಾನುವಾರ ಮೂರು ಗಂಟೆಗೆ ಕೆಂಪು ಕಾರಿನಲ್ಲಿ ಕೂತು ನಮ್ಮ ಅಂಗಳಕ್ಕೇ ಬರುತ್ತಿತ್ತು.

ನಿಮ್ಮ ಡಬ್ಬಿ ನನ್ನ ಹತ್ತಿರ ಇಲ್ಲ. ಸಾವಿನ ಮನೆಗೆ ಊರಿನ ಹೆಂಗಸರು ತಂದ ಒಂದೊಂದು ತಟ್ಟೆಯನ್ನೂ ತಿರುಗಿಸಿ, ಅಡಿಯ ಅಂಟುಪಟ್ಟಿಯ ಮೇಲಿನ ಹೆಸರು ಓದಿ, ತೊಳೆದು ಒರೆಸಿ ಮನೆಮನೆಗೆ ಮುಟ್ಟಿಸಿದ್ದೇನೆ. ನಿಮ್ಮ ಡಬ್ಬಿಯೊಂದನ್ನೇ ಬಚ್ಚಿಟ್ಟುಕೊಳ್ಳಲು ನನಗೇನು ಹುಚ್ಚೇ? ಗಂಡ ಹೋಗಿ ತಿಂಗಳಾಗಿದೆ, ಇವಳು ಡಬ್ಬಿ ಕೇಳುತ್ತಾಳೆ ಅಂತ ನನಗೆ ಆ ದಿನ ಮೈಯೆಲ್ಲ ಉರಿದುಹೋಯಿತು. ಈಗಲೂ ಉರಿಯುತ್ತಿದೆ.

ಇಲ್ಲಿ ಭಾನುವಾರಗಳು ಈಗ ಬಹಳ ಶಾಂತವಾಗಿವೆ. ಸುಣ್ಣದ ಗೂಡಿನ ತಿರುವಿನಲ್ಲಿ ನೀವು ಬರುತ್ತ ಹೋಗುತ್ತ ಹೊಡೆಯುತ್ತಿದ್ದ ಹಾರ್ನ್ ಇಲ್ಲದೆ ನನ್ನ ಕೋಳಿಗಳು ನೆಮ್ಮದಿಯಾಗಿ ಮೊಟ್ಟೆ ಇಡುತ್ತಿವೆ.

ಇತಿ,
ಡಿಂಪ್ನಾ ಗೆರಾಟಿ

~

ಕಿಲ್ಲೀನ್
ಏಪ್ರಿಲ್ 6, 1983

ಶ್ರೀಮತಿ ಗೆರಾಟಿ ಅವರಿಗೆ,

ನೀವು ಕೆರೆ ಎಂದು ಕರೆಯುವುದನ್ನು ನಮ್ಮ ಕಡೆ ಹೊಂಡ ಎನ್ನುತ್ತಾರೆ. ಅದನ್ನು ನೋಡಲು ಗುಡ್ಡ ಹತ್ತುವವನು ಬಟ್ಟಲಿನ ಚಹಾ ನೋಡಲು ಏಣಿ ಹತ್ತಬೇಕು. ಈ ಕಡೆ ಸಮುದ್ರವಿದೆ, ಮೂರು ದ್ವೀಪಗಳಿವೆ, ಮುಳುಗುವ ಸೂರ್ಯನಿದ್ದಾನೆ. ನಿಮ್ಮ ಕಡೆ ಸೂರ್ಯ ಹುಟ್ಟುವಾಗ ಊರಲ್ಲಿ ಎದ್ದಿರುವವರು ಯಾರು? ಬಾಲಿಡೂನಿನವರು ಎಷ್ಟು ಹೊತ್ತಿಗೆ ಏಳುತ್ತಾರೆಂದು ಬ್ರೆಡ್ ಮಾರುವ ನನಗೆ ಗೊತ್ತು.

ಇನ್ನು ಹಾರ್ನ್. ಅದು ಕುರುಡು ತಿರುವು. ಅಲ್ಲಿ ಹಾರ್ನ್ ಹೊಡೆಯದವರೆಲ್ಲ ಈಗ ಎಲ್ಲಿದ್ದಾರೆಂದು ಚರ್ಚಿನ ಹಿತ್ತಲಿಗೆ ಹೋಗಿ ನೋಡಿ. ನಿಮ್ಮ ಕೋಳಿಗಳಿಗೆ ನನ್ನ ನಮಸ್ಕಾರ ತಿಳಿಸಿ.

ಡಬ್ಬಿಯನ್ನು ಕೇಳಿದ್ದು ಡಬ್ಬಿಗಾಗಿ ಅಲ್ಲ. ಅದನ್ನು ಹೇಳಿದರೆ ನಿಮಗೆ ಅರ್ಥವಾಗುವುದಿಲ್ಲ. ಅವನು ತೀರಿಕೊಳ್ಳುವ ಹಿಂದಿನ ಭಾನುವಾರ ಅವನಿಗಾಗಿ ಮಾಡಿದ ಕೊನೆಯ ಒಣದ್ರಾಕ್ಷಿ ಕೇಕ್ ಅದರಲ್ಲಿತ್ತು. ಇರಲಿ ಬಿಡಿ.

ಅಟ್ರಾಕ್ಟಾ ಗೆರಾಟಿ

~

ಬಾಲಿಡೂನ್
ಮೇ 23, 1983

ಕುಮಾರಿ ಗೆರಾಟಿ ಅವರಿಗೆ,

ಫಾದರ್ ಲವೆಲ್ ನಿನ್ನೆ ನಮ್ಮ ಮನೆಗೆ ಬಂದಿದ್ದರು. ನಿಮ್ಮ ಮನೆಗೆ ಮೊನ್ನೆ ಬಂದಿದ್ದರೆಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ನಿಮ್ಮ ಅಡುಗೆಮನೆಯಲ್ಲಿ ಒಂದು ಗಂಟೆ ಕೂತವರಿಗೆ ಮಾತ್ರ ಆ ಬಣ್ಣ ಬರುತ್ತದೆ.

ಸಮಿತಿಯಲ್ಲಿ ನಡೆದದ್ದನ್ನು ಅವರೇ ಹೇಳಿದರು. ಬೆಂಚು ಮಾಡುತ್ತಿರುವ ಬಡಗಿ ಮಲಕಿ, ಒರಗು ಇಲ್ಲದ ಬೆಂಚು ಮಾಡಿಕೊಟ್ಟರೆ ಯಾರು ಬೇಕಾದರೂ ಯಾವ ಕಡೆ ಬೇಕಾದರೂ ತಿರುಗಿ ಕೂರಬಹುದಲ್ಲ ಎಂದನಂತೆ. ನಾನು ಆಗದು ಎಂದೆ. ಕೋಲ್ಮನ್‌ಗೆ ಬೆನ್ನುನೋವಿತ್ತು, ಒರಗಿಲ್ಲದ ಬೆಂಚು ಅವನ ಹೆಸರಿಗೇ ಅವಮಾನ. ನೀವೂ ಇದೇ ಮಾತನ್ನು, ಇದೇ ಕಾರಣ ಕೊಟ್ಟು ಹೇಳಿದಿರಂತೆ. ಗೊತ್ತಾಗಿದ್ದರೆ ನಾನು ಬೇರೆ ಕಾರಣ ಕೊಡುತ್ತಿದ್ದೆ.

ಫಾದರ್ ಕೊನೆಗೆ ಎದ್ದು ನಿಂತು, ಜೂನ್ ಮುಗಿಯುವುದರೊಳಗೆ ನಾವಿಬ್ಬರೂ ಒಂದು ಮಾತಿಗೆ ಬರದಿದ್ದರೆ ಬೆಂಚನ್ನು ಚರ್ಚಿನ ಸೈಕಲ್ ನಿಲ್ದಾಣದಲ್ಲಿ ಹಾಕಿಸುತ್ತೇನೆ ಎಂದರು. ಸೈಕಲ್ ನಿಲ್ದಾಣದಲ್ಲಿ! ಎದುರಿಗೆ ಶೌಚಾಲಯದ ಗೋಡೆ. ಅವನ ಹೆಸರಿನ ತಗಡನ್ನು ಆ ಗೋಡೆಗೆ ಎದುರಾಗಿ ಬಡಿದದ್ದನ್ನು ನೋಡಿಕೊಂಡು ನಾನು ಬದುಕಲಾರೆ. ನೀವು ಬದುಕುತ್ತೀರಾದರೆ ನಿಮ್ಮಿಷ್ಟ.

ಡಿಂಪ್ನಾ ಗೆರಾಟಿ

~

ಕಿಲ್ಲೀನ್
ಜೂನ್ 20, 1983

ಶ್ರೀಮತಿ ಗೆರಾಟಿ ಅವರಿಗೆ,

ಬಹಳ ಯೋಚಿಸಿದೆ. ಸತ್ತವನ ಮುಂದೆ ನಮ್ಮ ಹಟ ದೊಡ್ಡದಲ್ಲ. ಬೆಂಚು ಯಾವ ಕಡೆ ನೋಡಬೇಕೆಂಬುದನ್ನು ಮಲಕಿಯ ತೀರ್ಮಾನಕ್ಕೇ ಬಿಟ್ಟುಬಿಡೋಣ. ಅವನು ಯಾರ ಕಡೆಯವನೂ ಅಲ್ಲ. ಅವನು ಹೇಗೆ ಕೂರಿಸಿದರೂ ನನಗೆ ಸಮ್ಮತ.

ಹವಾಮಾನ ಚೆನ್ನಾಗಿದೆ.

ಅಟ್ರಾಕ್ಟಾ

~

ಬಾಲಿಡೂನ್
ಜೂನ್ 23, 1983

ಅಟ್ರಾಕ್ಟಾ ಅವರಿಗೆ,

ನಾನೂ ಇದನ್ನೇ ಬರೆಯಬೇಕೆಂದು ಪೆನ್ನು ಹಿಡಿದಿದ್ದೆ. ಮಲಕಿ ದೇವರಂಥ ಮನುಷ್ಯ. ಅವನ ಮನಸ್ಸಾಕ್ಷಿಗೇ ಬಿಡೋಣ.

ಇಲ್ಲಿಯೂ ಹವಾಮಾನ ಚೆನ್ನಾಗಿದೆ.

ಡಿಂಪ್ನಾ

~

ಬಾಲಿಡೂನ್
ಆಗಸ್ಟ್ 1, 1983

ಅಟ್ರಾಕ್ಟಾ ಅವರಿಗೆ,

ನಿನ್ನೆ ಗುಡ್ಡದ ಮೇಲೆ ನೀವೂ ಇದ್ದಿರೆಂದು ಕೇಳಿದೆ. ಕೇಳಿದ್ದಷ್ಟೇ, ಏಕೆಂದರೆ ಆ ಮಂಜಿನಲ್ಲಿ ನನಗೆ ನನ್ನ ಕೈಯೇ ಕಾಣುತ್ತಿರಲಿಲ್ಲ. ಒಂದು ಸಲ ನನ್ನ ಪಕ್ಕದಲ್ಲಿ ಯಾರೋ ಜೋರಾಗಿ ಕೆಮ್ಮಿದರು, ನೀವೇ ಇರಬೇಕೆಂದು ನಾನು ಮುಖ ತಿರುಗಿಸಿದೆ. ಅದು ಕುರಿ.

ಇಷ್ಟು ವರ್ಷ ಹಣ್ಣಿನ ಭಾನುವಾರಕ್ಕೆ ಹತ್ತಿದ್ದೇನೆ, ಇಂಥ ದಿನ ಕಂಡಿಲ್ಲ. ಆದರೂ ನಮ್ಮ ಜನ ನಮ್ಮ ಜನವೇ. ಬಿಳಿ ಗೋಡೆಯಂಥ ಮಂಜಿನ ಎದುರು ಸಾಲಾಗಿ ನಿಂತು ಒಬ್ಬರಿಗೊಬ್ಬರು ನೋಟ ತೋರಿಸಿದರು. ತಿಳಿಯಾದ ದಿನ ಇಲ್ಲಿ ದೀಪಸ್ತಂಭ ಕಾಣುತ್ತದೆ, ಅಲ್ಲಿ ಐದು ಜಿಲ್ಲೆ ಕಾಣುತ್ತವೆ ಎಂದು ಕೈ ಚಾಚಿ ಹೇಳಿದ್ದೇ ಹೇಳಿದ್ದು. ಕೈಯೂ ಕಾಣುತ್ತಿರಲಿಲ್ಲ. ಫಾದರ್ ಲವೆಲ್ ಬೆಂಚಿಗೆಂದು ಪವಿತ್ರ ಜಲ ಚಿಮುಕಿಸಿದ್ದು ಫಾನ್ಸಿಯ ಮೇಲೆ ಬಿತ್ತು. ಅವನಿಗೂ ಬೇಕಾಗಿತ್ತು ಬಿಡಿ.

ಎಲ್ಲ ಮುಗಿದು, ಜನ ಅರ್ಧ ಇಳಿದ ಮೇಲೆ ಮಂಜು ಸರಿಯಿತು. ನಾನು ತಿರುಗಿ ನೋಡಿದೆ. ಅಟ್ರಾಕ್ಟಾ, ಅದು ತುದಿಯೇ ಅಲ್ಲ! ಮಲಕಿ ಮತ್ತು ಬೆಂಚು ಹೊತ್ತವರು ತುದಿಯ ಕಲ್ಲುರಾಶಿ ಎಂದುಕೊಂಡು ಉತ್ತರದ ಮಗ್ಗುಲಲ್ಲಿರುವ ಕುರಿಗಳ ಹಳೆಯ ಮರೆಗೋಡೆಯ ಹತ್ತಿರ ಹೋಗಿ, ಅಲ್ಲಿ ಹೊಂಡ ತೋಡಿ, ಬೇಗ ಗಟ್ಟಿಯಾಗುವ ಸಿಮೆಂಟು ಸುರಿದು ಬೆಂಚು ಕೂರಿಸಿದ್ದಾರೆ. ಕೆರೆ ಇಲ್ಲ, ನಿಮ್ಮ ಸಮುದ್ರವೂ ಇಲ್ಲ. ಎದುರಿಗೆ ಜೌಗು ನೆಲ, ಜಲ್ಲಿ ತೆಗೆಯುವ ಗುಂಡಿ, ಗುಡ್ಡ ಸುತ್ತಿಕೊಂಡು ಬರುವ ರಸ್ತೆ. ಇಡೀ ಸ್ಲೀವ್‌ಗೌರ್‌ನಲ್ಲಿ ನೋಡಲು ಏನೂ ಇಲ್ಲದ ಜಾಗ ಒಂದೇ ಒಂದು. ಅದನ್ನು ಹುಡುಕಿ ಹಾಕಿದ್ದಾರೆ.

ನಾನು ಮಲಕಿಗೆ ಕೊಟ್ಟ ವಿಸ್ಕಿ ಬಾಟಲಿ ಅವನ ಗಂಟಲಲ್ಲಿ ಸಿಕ್ಕಿಕೊಳ್ಳಲಿ.

ಡಿಂಪ್ನಾ

~

ಕಿಲ್ಲೀನ್
ಆಗಸ್ಟ್ 4, 1983

ಡಿಂಪ್ನಾ ಅವರಿಗೆ,

ವಿಸ್ಕಿ ಬಾಟಲಿಯೇ? ‘ಮಲಕಿಯ ಮನಸ್ಸಾಕ್ಷಿಗೆ ಬಿಡೋಣ’ ಎಂದು ಬರೆದ ಕೈಯಿಂದಲೇ? ನಾಚಿಕೆಯಾಗಬೇಕು. ನಾನು ಕೊಟ್ಟದ್ದು ಬರೀ ಒಂದು ಹ್ಯಾಮ್. ಇಡೀ ಹ್ಯಾಮ್, ನಿಜ, ಆದರೂ ತಿನ್ನುವ ಪದಾರ್ಥ.

ಅವನನ್ನು ಅಂಗಡಿಗೆ ಕರೆಸಿ ವಿಚಾರಿಸಿದೆ. ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತ. “ಎರಡೂ ಕಡೆಯಿಂದ ತಗೊಂಡುಬಿಟ್ಟಿದ್ದೆ ಅಟ್ರಾಕ್ಟಾ. ಯಾರಿಗೆ ಮೋಸ ಮಾಡ್ಲಿ ಅಂತ ನಿದ್ದೆ ಬಂದಿರ್ಲಿಲ್ಲ. ಬೆಳಿಗ್ಗೆ ಎದ್ದು ನೋಡಿದ್ರೆ ಮಂಜು. ದೇವರು ದೊಡ್ಡೋನು” ಅಂದ. ದಾರಿ ತಪ್ಪಿದ್ದು ಮಾತ್ರ ಬೇಕೆಂದು ಅಲ್ಲವಂತೆ. ಬೆಂಚಿನ ಮುಂದಿನ ತುದಿ ಹೊತ್ತವನು ನಿಮ್ಮ ಊರಿನವನು, ಹಿಂದಿನ ತುದಿ ಹೊತ್ತವನು ನಮ್ಮವನು, ಇಬ್ಬರೂ ನನಗೆ ದಾರಿ ಗೊತ್ತು ಎಂದರಂತೆ. ಅದನ್ನು ನಂಬುತ್ತೇನೆ.

ಬುಧವಾರ ಅಂಗಡಿ ಅರ್ಧ ದಿನ. ಒಂದು ಹಾರೆ ತೆಗೆದುಕೊಂಡು ಮೇಲೆ ಹೋಗಿ ಸಿಮೆಂಟು ಎಷ್ಟು ಗಟ್ಟಿಯಾಗಿದೆ ನೋಡಿಬರುತ್ತೇನೆ. ಅದು ಅಲುಗಿದರೆ ಯಾವ ಕಡೆ ತಿರುಗಿಸುತ್ತೇನೆಂದು ನಿಮಗೆ ಬರೆಯಬೇಕಾಗಿಲ್ಲ.

ಅಟ್ರಾಕ್ಟಾ

~

ಕಿಲ್ಲೀನ್
ಆಗಸ್ಟ್ 11, 1983

ಡಿಂಪ್ನಾ,

ನಿನ್ನೆ ಹೋಗಿದ್ದೆ. ಬೆಂಚು ಅಲುಗಲಿಲ್ಲ. ಹಾರೆಯೇ ಬಾಗಿತು. ಸುಸ್ತಾಗಿ ಅದರ ಮೇಲೆಯೇ ಕೂತೆ. ಕೂರಬಾರದು ಎಂದು ಶಪಥ ಮಾಡಿಕೊಂಡು ಹೋಗಿದ್ದೆ, ಆದರೆ ಕಾಲು ನನ್ನ ಮಾತು ಕೇಳಲಿಲ್ಲ. ಒಂದು ಮಾತು ಹೇಳುತ್ತೇನೆ. ಇಡೀ ಗುಡ್ಡದಲ್ಲಿ ಗಾಳಿ ಬಡಿಯದ ಜಾಗ ಅದೊಂದೇ. ತುದಿಯಲ್ಲಿ ನಿಂತರೆ ಹಲ್ಲುಗಳೇ ಉದುರುವ ಗಾಳಿ, ಇಲ್ಲಿ ಮರೆಗೋಡೆಯ ಹಿಂದೆ ಬೆಚ್ಚಗಿತ್ತು.

ಹಾರೆ ಒರಗಿಸೋಣವೆಂದು ಹಿಂದೆ ತಿರುಗಿದೆ. ಗೋಡೆಯ ಕೆಳಗೆ ಒಂದು ಚಪ್ಪಟೆ ಕಲ್ಲು, ಕಲ್ಲಿನ ಕೆಳಗಿನ ಗೂಡಿನಲ್ಲಿ ಏನೋ ಹೊಳೆಯಿತು. ಎಳೆದೆ. ನನ್ನ ಡಬ್ಬಿ. ಹಡಗಿನ ಬಣ್ಣ ಸ್ವಲ್ಪ ಹೋಗಿದೆ. ಅಡಿಯ ಅಂಟುಪಟ್ಟಿಯ ಮೇಲೆ ನನ್ನ ಹೆಸರು ನನ್ನದೇ ಅಕ್ಷರದಲ್ಲಿ ಹಾಗೇ ಇದೆ. ಒಳಗೆ ಒಣಗಿದ ಕೇಕಿನ ಪುಡಿ, ಅವನ ಒಂದು ಜೊತೆ ಕಾಲುಚೀಲ, ಮತ್ತೆ ದುರ್ಬೀನು. ದನದ ಸಂತೆಯಲ್ಲಿ ಕಳೆದುಹೋಯಿತು ಎಂದು ನಮ್ಮಿಬ್ಬರಿಗೂ ಹೇಳಿದ್ದನಲ್ಲ, ಅದೇ ದುರ್ಬೀನು.

ಆ ಕೊನೆಯ ಭಾನುವಾರ ನೆನಪಿದೆಯೇ? ಫಾದರ್ ಲವೆಲ್ ಅವರ ಮನೆಗೆಲಸದವಳ ವಿಷಯ ಮಾತಾಡುತ್ತ ನಾವು ಕೇಕ್ ತಿನ್ನುವುದನ್ನೇ ಮರೆತಿದ್ದೆವು. ಅವನು ಡಬ್ಬಿ ಸಮೇತ ಎತ್ತಿಕೊಂಡು ಹೋಗಿದ್ದಾನೆ.

ದುರ್ಬೀನು ಕಣ್ಣಿಗೆ ಹಿಡಿದೆ. ಅಲ್ಲಿಂದ ಸಮುದ್ರ ಕಾಣುವುದಿಲ್ಲ, ಕೆರೆಯೂ ಕಾಣುವುದಿಲ್ಲ. ಕಾಣುವುದು ಒಂದೇ: ನಿನ್ನ ಮನೆಯ ಗೇಟು. ಗೇಟು, ಅಂಗಳ, ನಾನು ಕಾರು ನಿಲ್ಲಿಸುವ ಜಾಗ, ಅಲ್ಲಿಂದ ಸುಣ್ಣದ ಗೂಡಿನ ತಿರುವಿನವರೆಗೆ ರಸ್ತೆ. ಫಾನ್ಸಿಯ ವ್ಯಾನು ನಿನ್ನ ಗೇಟಿನಲ್ಲಿ ನಿಂತದ್ದನ್ನೂ, ನೀನು ಹಸಿರು ಅಂಗಿಯಲ್ಲಿ ಬಾಗಿಲು ತೆಗೆದದ್ದನ್ನೂ ನೋಡಿದೆ. ಆಗ ನನಗೆ ಎಲ್ಲ ಅರ್ಥವಾಯಿತು.

ನಾನು ಬಂದ ಕೂಡಲೇ “ಕುರಿ ನೋಡ್ಕೊಂಡು ಬರ್ತೀನಿ” ಎಂದು ಅವನು ಏಳುತ್ತಿದ್ದ. ನಾನು ಹೊರಟ ಮೇಲೆಯೇ ಇಳಿಯುತ್ತಿದ್ದ. ಅವನು ನೋಡುತ್ತಿದ್ದದ್ದು ನೋಟವನ್ನಲ್ಲ, ನನ್ನ ಕಾರು ಹೋಯಿತೇ ಇಲ್ಲವೇ ಎಂಬುದನ್ನು. ಇಷ್ಟು ವರ್ಷ ನನ್ನ ಸ್ವಂತ ಅಣ್ಣ ನನ್ನಿಂದ ತಪ್ಪಿಸಿಕೊಳ್ಳಲು ಗುಡ್ಡ ಹತ್ತಿದ್ದಾನೆ. ನಾನು ಪೆದ್ದಿ, ಅವನು ನಮ್ಮ ಮನೆಯನ್ನೇ ನೋಡುತ್ತಾನೆಂದು ಊರೆಲ್ಲ ಹೇಳಿಕೊಂಡು ಬಂದೆ.

ಬೆಂಚು ಸರಿಯಾದ ಜಾಗದಲ್ಲೇ ಇದೆ. ಇನ್ನು ನನ್ನ ತಕರಾರು ಇಲ್ಲ. ದುರ್ಬೀನನ್ನು ಫಾನ್ಸಿಯ ಕೈಯಲ್ಲಿ ಕಳಿಸುತ್ತಿದ್ದೇನೆ, ಅದು ನಿನ್ನದು. ಡಬ್ಬಿಯ ವಿಷಯದಲ್ಲಿ ನಿನ್ನ ಮೇಲೆ ಹೊರಿಸಿದ್ದಕ್ಕೆ ಕ್ಷಮಿಸು. ನನಗೆ ಬಹಳ ನೋವಾಗಿದೆ ಡಿಂಪ್ನಾ. ಯಾರ ಹತ್ತಿರ ಹೇಳಿಕೊಳ್ಳಲಿ, ಇಂಥದ್ದನ್ನು ನಾನು ಹೇಳಿಕೊಳ್ಳುತ್ತಿದ್ದದ್ದು ನಿನ್ನ ಹತ್ತಿರ.

ಅಟ್ರಾಕ್ಟಾ

~

ಬಾಲಿಡೂನ್
ಆಗಸ್ಟ್ 24, 1983

ಪ್ರೀತಿಯ ಅಟ್ರಾಕ್ಟಾ,

ತಡವಾಗಿ ಬರೆಯುತ್ತಿದ್ದೇನೆ. ಮೊದಲು ನಾನೇ ಹೋಗಿ ಕೂತು ನೋಡಬೇಕಾಗಿತ್ತು. ನನ್ನ ಮೊಣಕಾಲು ನಿನಗೆ ಗೊತ್ತಲ್ಲ, ಒಳ್ಳೆಯ ದಿನಕ್ಕಾಗಿ ಕಾದೆ.

ಹೋದೆ. ದುರ್ಬೀನು ಹಿಡಿದೆ. ನನ್ನ ಬಟ್ಟೆ ಒಣಗಿಸುವ ಹಗ್ಗ ಅಲ್ಲಿಂದ ಎಷ್ಟು ಚೆನ್ನಾಗಿ ಕಾಣುತ್ತದೆಂದು ನೋಡಿ ಮೊದಲು ನನಗೆ ಸಿಟ್ಟು ಬಂತು. ಆಮೇಲೆ ನಗು ಬಂತು. ಆಮೇಲೆ ಅಲ್ಲೇ ಕೂತು ಅತ್ತೆ. ಒಂದು ಕುರಿ ಹತ್ತಿರ ಬಂದು ನಿಂತು ಕೆಮ್ಮಿತು. ನೀನೇ ಅನ್ನಿಸಿತು.

ಈಗ ಕೇಳು. ನೀನು ಅರ್ಧ ಮಾತ್ರ ಸರಿ. ನಿನಗೆ ಗೊತ್ತಿಲ್ಲದ್ದು ಒಂದಿದೆ. ಮೂರು ವರ್ಷದ ಹಿಂದೆ ನೀನು ಜ್ವರದಿಂದ ಮಲಗಿ ಒಂದಷ್ಟು ಭಾನುವಾರ ಬರಲಿಲ್ಲವಲ್ಲ, ಆಗ ಅವನು ಗುಡ್ಡ ಹತ್ತಲೇ ಇಲ್ಲ. ಮೂರು ಗಂಟೆಯಾದರೆ ಕಿಟಕಿಗೆ ಹೋಗುವುದು, ಬಂದು ಕೂರುವುದು, ಮತ್ತೆ ಹೋಗುವುದು. ಪೇಪರನ್ನು ತಲೆಕೆಳಗಾಗಿ ಹಿಡಿದುಕೊಂಡು ಓದಿದ. ಕೊನೆಗೆ ಕಾರಿನ ಕೀಲಿ ತೆಗೆದುಕೊಂಡು ನಿನ್ನನ್ನು ನೋಡಲು ಹೊರಟುನಿಂತ. ಇಷ್ಟೇನು ಅವಸರ, ನಾಳೆ ಹೋದರಾಗದೇ ಎಂದೆ. ಆಗ ಅವನು ಅಂದದ್ದು ಇದು:

“ಅವಳು ಬರ್ದೆ ಇದ್ರೆ ನೀನು ನಗೋದೇ ಇಲ್ಲ ಡಿಂಪ್ನಾ. ನನಗೆ ನಗಿಸೋಕೆ ಬರಲ್ಲ. ಅವಳಿಗೆ ಬರುತ್ತೆ.”

ನಾನು ಆಗ, ಏನೋ ಗಂಡಸಿನ ಮಾತು ಎಂದು ಬಿಟ್ಟುಬಿಟ್ಟೆ. ಈಗ ನೆನೆಸಿಕೊಂಡರೆ, ಪ್ರತಿ ಭಾನುವಾರ ಇಳಿದು ಬಂದು ಬೂಟು ಬಿಚ್ಚುವ ಮೊದಲು ನನ್ನ ಮುಖ ನೋಡುತ್ತಿದ್ದ. “ಇವತ್ತು ಚೆನ್ನಾಗಿ ಮಾತಾಡಿದ್ರಿ ಅಲ್ವಾ” ಅನ್ನುತ್ತಿದ್ದ. ನಿನ್ನಿಂದ ತಪ್ಪಿಸಿಕೊಳ್ಳಲು ಹೋಗುತ್ತಿದ್ದನೋ, ನಮ್ಮಿಬ್ಬರನ್ನು ನಮ್ಮ ಪಾಡಿಗೆ ಬಿಡಲು ಹೋಗುತ್ತಿದ್ದನೋ, ಅಥವಾ ನಿನ್ನ ಕೇಕನ್ನು ಒಬ್ಬನೇ ತಿನ್ನಲು ಹೋಗುತ್ತಿದ್ದನೋ, ಅವನನ್ನೇ ಕೇಳಬೇಕು. ನನ್ನನ್ನು ಕೇಳಿದರೆ ಮೂರೂ.

ಶಾಂತವಾಗಿವೆ ಎಂದು ಬರೆದಿದ್ದೆನಲ್ಲ, ಈ ಭಾನುವಾರಗಳು ನನ್ನನ್ನು ಕೊಲ್ಲುತ್ತಿವೆ. ಕೋಳಿಗಳೂ ಸರಿಯಾಗಿ ಮೊಟ್ಟೆ ಇಡುತ್ತಿಲ್ಲ, ಅದನ್ನು ಸುಳ್ಳು ಬರೆದಿದ್ದೆ. ಈ ಭಾನುವಾರ ಬಾ. ಮೂರು ಗಂಟೆಗೆ, ಮೊದಲಿನ ಹಾಗೆ. ಡಬ್ಬಿ ಖಾಲಿ ತರಬೇಡ. ಬೇಗ ಏಳುವ ನೆಪವನ್ನೂ ತರಬೇಡ. ಫಾದರ್ ಲವೆಲ್ ಅವರ ಮನೆಗೆಲಸದವಳ ವಿಷಯದಲ್ಲಿ ಎಷ್ಟೊಂದು ಆಗಿಹೋಗಿದೆ, ಹೇಳಲು ಜನವಿಲ್ಲದೆ ನನ್ನ ಹೊಟ್ಟೆ ಉಬ್ಬಿಹೋಗಿದೆ.

ನಿನ್ನ,
ಡಿಂಪ್ನಾ

~

ಕಿಲ್ಲೀನ್
ಆಗಸ್ಟ್ 29, 1983

ಪ್ರೀತಿಯ ಡಿಂಪ್ನಾ,

ಸುಖವಾಗಿ ತಲುಪಿದೆ. ನಿನ್ನ ಮನೆಯಲ್ಲಿ ಅಷ್ಟು ಹೊತ್ತು ಕೂತು ನನ್ನ ದವಡೆ ಇನ್ನೂ ನೋಯುತ್ತಿದೆ. ನಕ್ಕಿದ್ದಕ್ಕೋ ಮಾತಾಡಿದ್ದಕ್ಕೋ ಗೊತ್ತಿಲ್ಲ. ಆ ಮನೆಗೆಲಸದವಳ ವಿಷಯ ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆನಲ್ಲ, ಇದುವರೆಗೆ ಫಾನ್ಸಿಯೊಬ್ಬನಿಗೆ ಮಾತ್ರ ಹೇಳಿದ್ದೇನೆ.

ಡಬ್ಬಿಯನ್ನು ನಿನ್ನ ಮನೆಯಲ್ಲೇ ಬಿಟ್ಟು ಬಂದಿದ್ದೇನೆ. ಮರೆತು ಅಲ್ಲ. ಬರುವ ಭಾನುವಾರ ಅದನ್ನು ಕೇಳಲು ಬರಬೇಕಲ್ಲ.

ಹೊರಟಾಗ ಸುಣ್ಣದ ಗೂಡಿನ ತಿರುವಿನಲ್ಲಿ ಕಾರು ನಿಧಾನ ಮಾಡಿದೆ. ಎದುರಿನಿಂದ ಯಾರೂ ಬರುತ್ತಿರಲಿಲ್ಲ. ತಲೆ ಹೊರಗೆ ಹಾಕಿ ಮೇಲೆ ನೋಡಿದೆ. ಮಗ್ಗುಲು ತಿಳಿಯಾಗಿತ್ತು, ಬೆಂಚು ಸಣ್ಣ ಗೆರೆಯ ಹಾಗೆ ಕಾಣುತ್ತಿತ್ತು. ಎರಡು ಸಲ, ಉದ್ದಕ್ಕೆ, ಹಾರ್ನ್ ಹೊಡೆದೆ. ಇಷ್ಟು ವರ್ಷ ಅದನ್ನು ಕೇಳಿಯೇ ಅವನು ದುರ್ಬೀನು ಕೆಳಗಿಟ್ಟು ಏಳುತ್ತಿದ್ದಿರಬೇಕು.

ನಿನ್ನ ಕೋಳಿಗಳು ಹೆದರಿದ್ದರೆ ಕ್ಷಮೆ ಇರಲಿ. ನಾನು ಹೋದೆ, ಇನ್ನು ಇಳಿದು ಬಾ ಎಂದು ಅವನಿಗೆ ತಿಳಿಯಬೇಕಿತ್ತು.

ನಿನ್ನ,
ಅಟ್ರಾಕ್ಟಾ